ಕೂಸು ಆರಾಮ ಇದ್ದಾಗಲೇ ದವಾಖಾನೆಗೆ: ಒಂದರಿಂದ ಮೂರು ವರ್ಷದ ಮಕ್ಕಳ ತಪಾಸಣೆಗೆ ಮನೆಯಲ್ಲೇ ಆಗಬೇಕಾದ ತಯಾರಿ

ಕೂಸಿಗೆ ಜ್ವರ ಬಂದರೆ ನಮ್ಮ ಕಲಬುರಗಿ ಕಡೆ ಯಾರೂ ತಡ ಮಾಡುವುದಿಲ್ಲ. ನಡುರಾತ್ರಿಯಾದರೂ ಆಟೋ ಹಿಡಿದು ದವಾಖಾನೆಗೆ ಓಡುತ್ತೇವೆ. ಆದರೆ ಆಡಿಕೊಂಡಿರುವ ಕೂಸನ್ನು ಡಾಕ್ಟರಿಗೆ ತೋರಿಸಿಕೊಂಡು ಬರೋಣ ಅಂದರೆ ಮನೆಯಲ್ಲಿ ಒಂದು ಮಾತು ಬರುತ್ತದೆ: "ಛಲೋ ಅದಲ್ಲಾ, ಏನಾಗ್ಯಾದಂತ ಕರ್ಕೊಂಡು ಹೋಗ್ತೀರಿ?" 9 ತಿಂಗಳವರೆಗೆ ಸೂಜಿ ಮಾಡಿಸಲು ಹೋಗುತ್ತಲೇ ಇರುತ್ತೇವೆ. ಆಮೇಲೆ ಲಸಿಕೆ, ತೂಕ ಬರೆದಿಡುವ ತಾಯಿ ಕಾರ್ಡ್ ಟ್ರಂಕಿನ ತಳಕ್ಕೆ ಸೇರುತ್ತದೆ.

ನೋಡಬೇಕಾದ ಎಷ್ಟೋ ವಿಷಯ ಶುರುವಾಗುವುದೇ ಆಮೇಲೆ. ಒಂದರಿಂದ ಮೂರು ವರ್ಷದ ನಡುವೆ ಕೂಸು ನಡೆಯಲು ಕಲಿಯುತ್ತದೆ, ಮಾತು ಕಲಿಯುತ್ತದೆ, ಎದೆಹಾಲು ಬಿಟ್ಟು ರೊಟ್ಟಿ-ಅನ್ನಕ್ಕೆ ಬರುತ್ತದೆ. ರಕ್ತ ಕಡಿಮೆಯಾಗುವುದು, ತೂಕ ನಿಂತುಹೋಗುವುದು, ಕಿವಿ ಸರಿಯಾಗಿ ಕೇಳದೆ ಮಾತು ತಡವಾಗುವುದು ಎಲ್ಲವೂ ಹೆಚ್ಚಾಗಿ ಕಣ್ಣಿಗೆ ಬೀಳುವುದು ಈ ವಯಸ್ಸಿನಲ್ಲಿ. ಇವು ಜ್ವರದ ಹಾಗೆ ಗಲಾಟೆ ಮಾಡುವುದಿಲ್ಲ. ಹುಡುಕಿ ನೋಡಿದರೆ ಮಾತ್ರ ಸಿಗುತ್ತವೆ.

ಹುಡುಕುವ ಕೆಲಸ ಡಾಕ್ಟರದ್ದು ಅಂದುಕೊಂಡು ಕೂಸನ್ನು ಎತ್ತಿಕೊಂಡು ಹೊರಟುಬಿಡುತ್ತೇವೆ. ಆದರೆ ಒಪಿಡಿಯಲ್ಲಿ ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಅಷ್ಟರಲ್ಲಿ ಒಂದೂವರೆ ವರ್ಷದ ಕೂಸು ಅಳುತ್ತಿರುತ್ತದೆ. ಅಳುವ ಕೂಸು ನಡೆದು ತೋರಿಸುವುದಿಲ್ಲ, ಮಾತಾಡುವುದಿಲ್ಲ, ಆಡುವುದೂ ಇಲ್ಲ. ಆಗ ಡಾಕ್ಟರ್ ನೆಚ್ಚಿಕೊಳ್ಳುವುದು ಮನೆಯವರ ಮಾತನ್ನು. ತಪಾಸಣೆಯ ಅರ್ಧ ಭಾಗ ಮನೆಯಲ್ಲಿ ನೋಡಿದ್ದರ ಮೇಲೆ ನಿಂತಿದೆ. ತಯಾರಿ ಅಂದರೆ ಬ್ಯಾಗ್ ಕಟ್ಟುವುದಷ್ಟೇ ಅಲ್ಲ, ಒಂದು ವಾರ ಕೂಸನ್ನು ಗಮನ ಇಟ್ಟು ನೋಡಿ ಬರೆದಿಟ್ಟುಕೊಳ್ಳುವುದು.

ಹಾಗಾದರೆ ಯಾರು ಹೋಗಬೇಕು? ತಾಯಿ ಹೊಲಕ್ಕೋ ಕೆಲಸಕ್ಕೋ ಹೋದರೆ ದಿನವಿಡೀ ಕೂಸಿನ ಜೊತೆ ಇರುವವಳು ಆಯಿ, ಅಂದರೆ ಅಜ್ಜಿ. ಏನು ತಿಂತು, ಎಷ್ಟು ಸಲ ಹೊರಗೆ ಹೋಯಿತು, ಕರೆದರೆ ತಿರುಗಿ ನೋಡುತ್ತಾ ಅನ್ನುವುದು ಆಕೆಗೇ ಗೊತ್ತು. ಆದರೆ ದವಾಖಾನೆಗೆ ಹೋಗುವುದು ತಾಯಿ ಮತ್ತು ತಂದೆ, ಆಯಿ ಮನೆಯಲ್ಲೇ ಉಳಿಯುತ್ತಾಳೆ. ಆಕೆಯನ್ನೂ ಕರೆದುಕೊಂಡು ಹೋಗಿ ಅಂತ ನಾನು ಒತ್ತಿ ಹೇಳುತ್ತೇನೆ. ಆಗದಿದ್ದರೆ ಹಿಂದಿನ ರಾತ್ರಿ ಆಕೆಯ ಹತ್ತಿರ ಕೂತು ಎಲ್ಲ ಕೇಳಿಕೊಂಡು ಹೋಗಿ. ಇನ್ನೂ ಒಂದು ಲಾಭ ಇದೆ. ಡಾಕ್ಟರ್ ಊಟದ ಬಗ್ಗೆ ಹೇಳಿದ್ದನ್ನು ಆಯಿ ತನ್ನ ಕಿವಿಯಾರೆ ಕೇಳಿದರೆ ಅದು ಮನೆಯಲ್ಲಿ ನಡೆಯುತ್ತದೆ. ಸೊಸೆ ಬಂದು ಹೇಳಿದರೆ ವಾದ ಆಗುತ್ತದೆ.

ಯಾವಾಗ, ಎಲ್ಲಿ

ಮಕ್ಕಳ ಡಾಕ್ಟರುಗಳು ಸಾಮಾನ್ಯವಾಗಿ 12, 15, 18 ಮತ್ತು 24 ತಿಂಗಳಿಗೆ, ಆಮೇಲೆ ಆರು ತಿಂಗಳಿಗೊಮ್ಮೆ ಬನ್ನಿ ಅನ್ನುತ್ತಾರೆ. ಸರ್ಕಾರದ ಲಸಿಕೆ ಪಟ್ಟಿಯಲ್ಲಿ 16ರಿಂದ 24 ತಿಂಗಳ ನಡುವಿನ ಭೇಟಿ ಬಹಳ ಮುಖ್ಯ. ಆಶಾ ಕಾರ್ಯಕರ್ತೆ ಮನೆಗೆ ಬಂದು ಕೂಸನ್ನು ನೋಡುವ ಕಾರ್ಯಕ್ರಮದಲ್ಲಿ 3, 6, 9, 12 ಮತ್ತು 15ನೇ ತಿಂಗಳ ಭೇಟಿ ಇರುತ್ತದೆ. ಅಂದರೆ 15 ತಿಂಗಳಾದ ಮೇಲೆ ಮನೆಬಾಗಿಲಿಗೆ ಬಂದು ನೆನಪಿಸುವುದು ಕಡಿಮೆಯಾಗುತ್ತದೆ. ಆಮೇಲೆ ನಾವೇ ನೆನಪಿಟ್ಟುಕೊಳ್ಳಬೇಕು.

ಹಳ್ಳಿಯಾದರೆ ಪ್ರಾಥಮಿಕ ಆರೋಗ್ಯ ಕೇಂದ್ರ, ಪಟ್ಟಣವಾದರೆ ಸರ್ಕಾರದ "ನಮ್ಮ ಕ್ಲಿನಿಕ್" ಸಾಕು. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಆಸ್ಪತ್ರೆಗಳಲ್ಲಿ ಮಕ್ಕಳ ವಿಭಾಗವೇ ಇದೆ. ಲಸಿಕೆಯ ದಿನ ಹೆಚ್ಚಿನ ಕಡೆ ಗುರುವಾರ. ನಿಮ್ಮ ಊರಿನದು ಯಾವ ವಾರ ಅಂತ ಆಶಾ ಅಕ್ಕನನ್ನೇ ಕೇಳಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ನಡೆಯುತ್ತವೆ, ಅಲ್ವಾ? ಒಪಿಡಿ ಸಮಯವೂ ಬದಲಾಗಿದೆಯಾ ಅಂತ ವಿಚಾರಿಸಿಕೊಂಡು ಹೋಗಿ. ಆ ಬಿಸಿಲಲ್ಲಿ ಸಣ್ಣ ಕೂಸಿನ ಜೊತೆ ಮಧ್ಯಾಹ್ನ ಬಸ್‌ಸ್ಟ್ಯಾಂಡಿನಲ್ಲಿ ಕಾಯುವುದು ಬೇಡವೇ ಬೇಡ.

ಕಾರ್ಡು, ಸೂಜಿ, ಗುಳೆ

ಮೊದಲು ತಾಯಿ ಕಾರ್ಡ್ ಹುಡುಕಿ ತೆಗೆಯಿರಿ. ಪ್ರೈವೇಟ್ ಆಸ್ಪತ್ರೆಯ ಫೈಲು, ಹೆರಿಗೆಯ ಡಿಸ್ಚಾರ್ಜ್ ಚೀಟಿ, ಹಿಂದೆ ಮಾಡಿಸಿದ ರಕ್ತ ಪರೀಕ್ಷೆಯ ಕಾಗದ ಇದ್ದರೆ ಅದರ ಜೊತೆಗಿಡಿ. ಆಳಂದ, ಅಫಜಲಪುರ ಕಡೆಯವರು ಸೊಲ್ಲಾಪುರಕ್ಕೆ, ಹುಮನಾಬಾದ್, ಬೀದರ್ ಕಡೆಯವರು ಹೈದರಾಬಾದಿಗೆ ತೋರಿಸಿರುತ್ತಾರೆ. ಆ ಚೀಟಿ ಮರಾಠಿಯಲ್ಲಿರಲಿ, ಇಂಗ್ಲಿಷಿನಲ್ಲಿರಲಿ, ತನ್ನಿ. ಎಲ್ಲವನ್ನೂ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಕಾರ್ಡು ಮಳೆಗೆ ನೆಂದರೂ ಫೋಟೋ ಉಳಿಯುತ್ತದೆ.

16ರಿಂದ 24 ತಿಂಗಳಿಗೆ ಸರ್ಕಾರದಿಂದ ಉಚಿತವಾಗಿ ಸಿಗುವುದು ಇವು: ದಡಾರ-ರುಬೆಲ್ಲಾ ಲಸಿಕೆಯ ಎರಡನೇ ಡೋಸ್, ಡಿಪಿಟಿ ಬೂಸ್ಟರ್, ಪೋಲಿಯೋ ಹನಿಯ ಬೂಸ್ಟರ್, ಜೊತೆಗೆ ವಿಟಮಿನ್ ಎ. "ಒಂದು ಸಲ ಹಾಕಿಸಿದ್ದೇವಲ್ಲ, ಮತ್ತೆ ಯಾಕೆ?" ಅಂತ ಕೇಳುವವರು ಬಹಳ. 9 ತಿಂಗಳಿಗೆ ಕೊಟ್ಟ ದಡಾರದ ಲಸಿಕೆ ಸುಮಾರು ಶೇ 85ರಷ್ಟು ಮಕ್ಕಳಲ್ಲಿ ಮಾತ್ರ ಚೆನ್ನಾಗಿ ಹಿಡಿಯುತ್ತದೆ. ಉಳಿದವರಿಗೆ ರಕ್ಷಣೆ ಸಿಗುವುದು ಎರಡನೇ ಡೋಸಿನಿಂದ. ನಿಮ್ಮ ಕೂಸು ಯಾವ ಗುಂಪಿನಲ್ಲಿದೆ ಅಂತ ಹೊರಗಿಂದ ನೋಡಿ ಹೇಳಲು ಬರುವುದಿಲ್ಲ. ಡಿಪಿಟಿ ಮೂರು ರೋಗಕ್ಕೆ: ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು. ಇದರ ಶಕ್ತಿ ವರ್ಷ ಕಳೆದಂತೆ ಇಳಿಯುತ್ತದೆ, ಅದಕ್ಕೇ ಬೂಸ್ಟರ್. ಗಂಟಲಮಾರಿ ಉತ್ತರ ಕರ್ನಾಟಕದಿಂದ ಪೂರ್ತಿ ಹೋಗಿಲ್ಲ. ಹಾಗಾಗಿ ಇದನ್ನು ತಪ್ಪಿಸಬೇಡಿ. ಮಿದುಳು ಜ್ವರದ ಲಸಿಕೆ ಕೆಲವು ಜಿಲ್ಲೆಗಳಲ್ಲಿ ಮಾತ್ರ ಇರುತ್ತದೆ. ನಮ್ಮಲ್ಲಿ ಈಗ ಕೊಡುತ್ತಾರಾ ಅಂತ ಸಿಸ್ಟರನ್ನು ಕೇಳಿ.

ಪಲ್ಸ್ ಪೋಲಿಯೋ ದಿನ ಬೂತಿನಲ್ಲಿ ಹನಿ ಹಾಕಿಸಿದ್ದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಅದೇ ಬೇರೆ, ಇದೇ ಬೇರೆ. ವಿಟಮಿನ್ ಎ ಕೂಡ ಒಂದೇ ಸಲ ಮುಗಿಯುವುದಿಲ್ಲ. 9ನೇ ತಿಂಗಳಿಂದ 5 ವರ್ಷದವರೆಗೆ ಒಟ್ಟು 9 ಸಲ ಕೊಡಬೇಕು. ನಡುವೆ ಬಿಟ್ಟುಹೋಗುವುದು ಬಹಳ. ಕೇಳಿ ಹಾಕಿಸಿಕೊಳ್ಳಿ.

ಪ್ರೈವೇಟ್ ಆಸ್ಪತ್ರೆಯಲ್ಲಿ ಪಟ್ಟಿ ಇನ್ನೂ ಉದ್ದ ಇರುತ್ತದೆ. ಮಂಗನಬಾವು ಸೇರಿದ ಎಂಎಂಆರ್, ಚಿಕನ್‌ಪಾಕ್ಸ್, ಹೆಪಟೈಟಿಸ್ ಎ, ಟೈಫಾಯ್ಡ್, ಫ್ಲೂ ಇತ್ಯಾದಿ. ಇವಕ್ಕೆ ದುಡ್ಡು ಬೀಳುತ್ತದೆ. ಕೈಯಲ್ಲಿ ಆಗದಿದ್ದರೆ ಯಾವುದು ಮೊದಲು, ಯಾವುದು ಆಮೇಲೆ ಅಂತ ಡಾಕ್ಟರನ್ನು ಧೈರ್ಯವಾಗಿ ಕೇಳಿ. ಕೇಳುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಈಗ ಗುಳೆ ಹೋಗುವವರ ವಿಷಯ. ಚಿಂಚೋಳಿಯ ತಾಂಡಾಗಳಿಂದ, ಯಾದಗಿರಿಯ ಹಳ್ಳಿಗಳಿಂದ ಪುಣೆ, ಮುಂಬೈ, ಬೆಂಗಳೂರು ಅಂತ ಕೂಸು ಕಟ್ಟಿಕೊಂಡು ದುಡಿಯಲು ಹೋದ ತಾಯಂದಿರು ತಿಂಗಳುಗಟ್ಟಲೆ ಆದ ಮೇಲೆ ಬರುತ್ತಾರೆ. ಡೋಸ್ ತಪ್ಪಿರುತ್ತದೆ. ಬೈಯುತ್ತಾರೆ ಅಂತ ಹೆದರಿ ಹೋಗುವುದೇ ಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ತಪ್ಪಿದರೆ ಮೊದಲಿಂದ ಶುರು ಮಾಡಬೇಕಿಲ್ಲ. ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಸುತ್ತಾರೆ. ದಡಾರ-ರುಬೆಲ್ಲಾ ಲಸಿಕೆಯನ್ನು 5 ವರ್ಷದವರೆಗೂ ಡಿಪಿಟಿಯನ್ನು 7 ವರ್ಷದವರೆಗೂ ಕೊಡಬಹುದು. ಹೋದ ಊರಿನಲ್ಲೂ ಸರ್ಕಾರಿ ಲಸಿಕೆ ಉಚಿತವೇ. ಲಸಿಕೆಯ ಲೆಕ್ಕ ಇಡುವ ಸರ್ಕಾರದ ಆನ್‌ಲೈನ್ ವ್ಯವಸ್ಥೆ ಯು-ವಿನ್‌ನಲ್ಲಿ ಮೊಬೈಲ್ ನಂಬರ್ ಕೊಟ್ಟು ಕೂಸಿನ ಹೆಸರು ಸೇರಿಸಿದ್ದರೆ ಯಾವ ರಾಜ್ಯದಲ್ಲಿ ಹಾಕಿಸಿದರೂ ದಾಖಲೆ ಸಿಗುತ್ತದೆ.

ನೆಗಡಿ, ಸಣ್ಣ ಕೆಮ್ಮು ಇದ್ದರೆ ಸೂಜಿ ಮುಂದೂಡಬೇಕಾಗಿಲ್ಲ. ಜ್ವರ ಜೋರಿದ್ದರೆ ಡಾಕ್ಟರ್ ನೋಡಿ ಹೇಳುತ್ತಾರೆ. ಹಿಂದೆ ಯಾವುದಾದರೂ ಸೂಜಿಗೆ ಪಿಟ್ಸ್ ಬಂದಿದ್ದರೆ, ಮೈಯೆಲ್ಲ ಗಂಧೆ ಎದ್ದಿದ್ದರೆ ಅದನ್ನು ಮೊದಲೇ ಹೇಳಬೇಕು.

ತೂಕದ ಗೆರೆ

ತೂಕ ಮಾಡುವಾಗ ಸ್ವೆಟರು, ಬೆಳ್ಳಿ ಕಡಗ, ಗೆಜ್ಜೆ ತೆಗೆಸಿ. ನೂರು ಗ್ರಾಂ ಹೆಚ್ಚು ಕಡಿಮೆ ಆದರೂ ಕಾರ್ಡಿನ ಚಾರ್ಟಿನಲ್ಲಿ ತೂಕ ಗುರುತಿಸಿ ಎಳೆಯುವ ಗೆರೆ ತಪ್ಪು ತೋರಿಸುತ್ತದೆ. ದೃಷ್ಟಿಯಾಗುತ್ತದೆ ಅಂತ ಹಿರಿಯರು ತೂಕ ಹಾಕಿಸಲು ಹಿಂದೇಟು ಹಾಕಿದರೆ, ತೂಕವನ್ನು ಎಲ್ಲರೆದುರು ಜೋರಾಗಿ ಹೇಳಬೇಡಿ ಅಂತ ಸಿಸ್ಟರಿಗೆ ಹೇಳಿದರಾಯಿತು. ತೂಕ ಮಾತ್ರ ಬಿಡಬೇಡಿ.

ತಾಯಿ ಕಾರ್ಡಿನಲ್ಲಿ ಗಂಡು, ಹೆಣ್ಣು ಕೂಸುಗಳಿಗೆ ಬೇರೆ ಬೇರೆ ಚಾರ್ಟ್ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಎರಡು ವರ್ಷ ತುಂಬಿದ ಗಂಡು ಕೂಸಿನ ನಡುಮಟ್ಟದ ತೂಕ 12.2 ಕೆಜಿ, ಹೆಣ್ಣು ಕೂಸಿನದು 11.5 ಕೆಜಿ. ಗಂಡು 9.7, ಹೆಣ್ಣು 9 ಕೆಜಿಗಿಂತ ಕೆಳಗಿಳಿದರೆ ಕಡಿಮೆ ತೂಕ ಅಂತ ಲೆಕ್ಕ. ಆದರೆ ಒಂದು ದಿನದ ಅಂಕಿಗಿಂತ ಗೆರೆ ಯಾವ ಕಡೆ ಹೋಗುತ್ತಿದೆ ಅನ್ನುವುದು ಮುಖ್ಯ. ಸಣ್ಣಗಿದ್ದರೂ ತನ್ನ ಗೆರೆಯಲ್ಲೇ ಮೇಲೇರುತ್ತಿರುವ ಕೂಸು ಬಹುಶಃ ಆರಾಮಾಗಿದೆ. ದುಂಡಗೆ ಕಾಣುತ್ತಿದ್ದರೂ ಕೆಲವು ತಿಂಗಳಿಂದ ಗೆರೆ ಮಟ್ಟಸವಾಗಿದ್ದರೆ ಕಾರಣ ಹುಡುಕಬೇಕು. ಅದಕ್ಕೇ ಹಳೆಯ ತೂಕಗಳು ಬೇಕು. ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ಹಾಕಿದ ತೂಕ ಅಲ್ಲಿಯ ರಿಜಿಸ್ಟರಿನಲ್ಲಿರುತ್ತದೆ. ಹೋಗುವ ಮುಂಚೆ ಟೀಚರಮ್ಮನಿಂದ ಬರೆಸಿಕೊಂಡು ಬನ್ನಿ.

ರಟ್ಟೆಯ ಸುತ್ತಳತೆಯನ್ನೂ ಟೇಪಿನಿಂದ ನೋಡುತ್ತಾರೆ. ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ಅದು 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ. ಅಂಥ ಕೂಸುಗಳಿಗೆ ಪೌಷ್ಟಿಕ ಪುನರ್ವಸತಿ ಕೇಂದ್ರದಲ್ಲಿ ತಾಯಿಯ ಜೊತೆ ಇಟ್ಟುಕೊಂಡು ಚಿಕಿತ್ಸೆ ಕೊಡುತ್ತಾರೆ. ಅಲ್ಲಿಗೆ ಹೋಗಿ ಅಂದರೆ ಅವಮಾನ ಅಂದುಕೊಳ್ಳಬೇಡಿ.

ಊಟ ಮತ್ತು ರಕ್ತ

"ಏನೂ ಉಣ್ಣಂಗಿಲ್ರೀ" ಅನ್ನುವ ದೂರು ಡಾಕ್ಟರ್ ದಿನಕ್ಕೆ ಎಷ್ಟು ಸಲ ಕೇಳುತ್ತಾರೋ. ಇದರ ಹಿಂದೆ ಒಂದು ಸಹಜ ಕಾರಣ ಇದೆ. ಮೊದಲ ವರ್ಷ ಕೂಸಿನ ತೂಕ ಮೂರು ಪಟ್ಟು ಆಗುತ್ತದೆ. ಎರಡನೇ ವರ್ಷ ಏರುವುದು ಬರೀ ಎರಡು, ಎರಡೂವರೆ ಕೆಜಿ. ಬೆಳೆಯುವ ವೇಗ ಇಳಿದಾಗ ಹಸಿವೂ ಇಳಿಯುತ್ತದೆ. ಗೆರೆ ಸರಿಯಾಗಿದ್ದರೆ ಟಾನಿಕ್ ಬರೆದುಕೊಡಿ ಅಂತ ಹಠ ಹಿಡಿಯಬೇಕಾಗಿಲ್ಲ.

ಆದರೆ "ಏನೂ ಉಣ್ಣಲ್ಲ" ಅನ್ನುವುದರಿಂದ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಮೂರು ದಿನ ತಿಂದದ್ದನ್ನು ಹಾಗೇ ಬರೆಯಿರಿ. ಬೆಳಿಗ್ಗೆ ಛಾ ಮತ್ತು ಬಿಸ್ಕಿಟ್, ಹತ್ತು ಗಂಟೆಗೆ ಹಾಲು, ಮಧ್ಯಾಹ್ನ ಎರಡು ತುತ್ತು ಅನ್ನ, ಸಂಜೆ ಅಂಗಡಿಯ ಐದು ರೂಪಾಯಿ ಪಾಕೀಟು, ರಾತ್ರಿ ಮತ್ತೆ ಹಾಲು. ಮುಚ್ಚಿಡಬೇಡಿ, ಯಾರೂ ನಿಮ್ಮನ್ನು ಅಳೆಯುತ್ತಿಲ್ಲ. ಹೀಗೆ ಬರೆದರೆ ಕಾರಣ ಕಣ್ಣಿಗೇ ಬೀಳುತ್ತದೆ: ಹಾಲು, ಬಿಸ್ಕಿಟಿನಲ್ಲಿ ಹೊಟ್ಟೆ ತುಂಬಿದ ಮೇಲೆ ಊಟಕ್ಕೆ ಜಾಗ ಎಲ್ಲಿ?

ಇಲ್ಲಿ ರಕ್ತಹೀನತೆಯ ವಿಷಯ ಬರುತ್ತದೆ, ನಮ್ಮ ಭಾಗಕ್ಕೆ ಇದು ದೊಡ್ಡ ವಿಷಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತ ಕಡಿಮೆ ಇತ್ತು. ಹಾಲಿನಲ್ಲಿ ಕಬ್ಬಿಣದ ಅಂಶ ಬಹಳ ಕಡಿಮೆ. ದಿನಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ ಹಾಲು ಕುಡಿಯುವ ಕೂಸಿಗೆ ರಕ್ತ ಕಡಿಮೆಯಾಗುವ ಸಂಭವ ಹೆಚ್ಚು. ಛಾ ಇನ್ನೂ ಕೆಟ್ಟದ್ದು. ಊಟದಲ್ಲಿರುವ ಕಬ್ಬಿಣವನ್ನೂ ಮೈಗೆ ಹತ್ತಲು ಬಿಡುವುದಿಲ್ಲ. ಬಟ್ಟಲಿನಲ್ಲಿ ಎರಡು ಗುಟುಕು ಕೊಡುವುದನ್ನು ಪ್ರೀತಿ ಅಂದುಕೊಂಡಿದ್ದೇವೆ. ಅದನ್ನು ಇವತ್ತೇ ನಿಲ್ಲಿಸಿ.

ತೊಗರಿ ಕಣಜ ಅನ್ನಿಸಿಕೊಂಡ ಜಿಲ್ಲೆ ನಮ್ಮದು. ನಮ್ಮ ತೊಗರಿಬೇಳೆಗೆ 2019ರಲ್ಲಿ ಜಿಐ (ಈ ಊರಿನದೇ ಬೆಳೆ ಅನ್ನುವ ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿದೆ. ಗಟ್ಟಿ ತೊವ್ವೆಯಲ್ಲಿ ಜೋಳದ ರೊಟ್ಟಿ ಮುರಿದು ನೆನೆಸಿ, ಮೆತ್ತಗಾದ ಮೇಲೆ ಹಿಸುಕಿ, ಒಂದು ಚಮಚ ತುಪ್ಪ, ಎರಡು ಹನಿ ನಿಂಬೆರಸ ಹಾಕಿ ಉಣಿಸಿ. ನಿಂಬೆಯ ಹುಳಿ ಕಬ್ಬಿಣ ಮೈಗೆ ಹತ್ತಲು ಸಹಾಯ ಮಾಡುತ್ತದೆ. ಸೊಪ್ಪಿನ ಪಲ್ಯ ಖಾರ ಹಾಕುವ ಮುಂಚೆ ಕೂಸಿಗೆ ತೆಗೆದಿಡಿ. ತಿನ್ನುವ ಮನೆಯಾದರೆ ತತ್ತಿ, ಮಾಂಸ ಕೊಡಿ. ಅಂಗಡಿಯ ಟಾನಿಕ್ಕಿಗಿಂತ ಇದು ಮೇಲು ಅಂತ ನನ್ನ ನಂಬಿಕೆ. ರಕ್ತ ಈಗಾಗಲೇ ಕಡಿಮೆ ಇದ್ದರೆ ಮಾತ್ರ ಊಟವೊಂದೇ ಸಾಲದು, ಔಷಧಿ ಬೇಕೇ ಬೇಕು.

ಸರ್ಕಾರದಿಂದ ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ಕಬ್ಬಿಣದ ಸಿರಪ್ ಉಚಿತವಾಗಿ ಸಿಗುತ್ತದೆ: ವಾರಕ್ಕೆ ಎರಡು ಸಲ, ಒಂದೊಂದು ಎಂಎಲ್. ಆಶಾ ಕೊಟ್ಟ ಬಾಟಲಿ ಮನೆಯಲ್ಲಿ ಇದೆಯಾ, ಅರ್ಧಕ್ಕೆ ನಿಂತಿದೆಯಾ ಅಂತ ನೋಡಿ ಹೇಳಿ. ಮಲ ಕಪ್ಪಗಾದರೆ ಹೆದರಬೇಡಿ, ಅದು ಸಿರಪ್ಪಿನ ಬಣ್ಣ. ಜಂತುಹುಳದ ಔಷಧಿ ಯಾವಾಗ ಕೊಟ್ಟಿರಿ ಅನ್ನುವುದನ್ನೂ ಬರೆದುಕೊಳ್ಳಿ. ಒಂದರಿಂದ ಎರಡು ವರ್ಷದವರಿಗೆ ಅರ್ಧ ಮಾತ್ರೆ, ಎರಡು ದಾಟಿದವರಿಗೆ ಒಂದು ಮಾತ್ರೆ. ಎರಡನ್ನೂ ಪುಡಿ ಮಾಡಿ ನೀರಿನಲ್ಲಿ ಕಲಸಿಯೇ ಕೊಡಬೇಕು. ಮಣ್ಣು, ಸುಣ್ಣ, ಬಳಪ ತಿನ್ನುವ ಚಟ ಇದ್ದರೆ ಅದೂ ರಕ್ತ ಕಡಿಮೆಯಾಗಿರುವ ಲಕ್ಷಣ ಆಗಿರಬಹುದು. ಮರೆಯದೆ ಹೇಳಿ.

ಮಾತು, ಕಿವಿ, ನಡಿಗೆ

ನಮ್ಮೂರಿನ ಕೂಸು ಒಂದೇ ಭಾಷೆ ಕೇಳಿ ಬೆಳೆಯುವುದಿಲ್ಲ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಉರ್ದು, ಸೇಡಂ ಕಡೆ ತೆಲುಗು, ಆಳಂದ ಕಡೆ ಮರಾಠಿ, ತಾಂಡಾದಲ್ಲಿ ಲಂಬಾಣಿ. "ಎರಡು ಭಾಷೆ ಆಗಿ ಗೊಂದಲ ಆಗ್ಯಾದ, ಅದಕ್ಕೇ ಮಾತು ಬಂದಿಲ್ಲ" ಅನ್ನುತ್ತಾರೆ. ಹಾಗಲ್ಲ. ಎರಡು ಭಾಷೆ ಕೇಳುವುದರಿಂದ ಮಾತು ನಿಲ್ಲುವುದಿಲ್ಲ. ಲೆಕ್ಕ ಹಾಕುವಾಗ ಎಲ್ಲ ಭಾಷೆಯ ಪದಗಳನ್ನೂ ಸೇರಿಸಬೇಕು ಅಷ್ಟೇ. ಅಮ್ಮನ ಹತ್ತಿರ "ನೀರು", ಪಕ್ಕದ ಮನೆಯಲ್ಲಿ "ಪಾನಿ" ಅಂದರೆ ಅವು ಎರಡು ಪದ. ವಾರವಿಡೀ ಕೂಸು ತಾನಾಗಿ ಆಡಿದ ಪದಗಳನ್ನು ಬರೆದಿಡಿ. ಅರ್ಧಂಬರ್ಧ ಉಚ್ಚಾರವಾದರೂ ಒಂದೇ ವಸ್ತುವಿಗೆ ಒಂದೇ ಶಬ್ದ ಬಳಸಿದರೆ ಅದೂ ಪದವೇ.

ಒಂದೂವರೆ ವರ್ಷಕ್ಕೆ ಹಿಡಿಯದೆ ನಡೆಯಬೇಕು. ಅಮ್ಮ, ಅಪ್ಪ ಬಿಟ್ಟು ಮೂರಾದರೂ ಪದ ಇರಬೇಕು. ಬೇಕಾದ್ದನ್ನು ಬೆರಳು ಮಾಡಿ ತೋರಿಸಬೇಕು. ಎರಡು ವರ್ಷಕ್ಕೆ "ಹಾಲು ಬೇಕು", "ಅಪ್ಪ ಬಂದ" ಅಂತ ಎರಡು ಪದ ಜೋಡಿಸಬೇಕು. ಇದಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಹೆಸರು ಕರೆದರೆ ತಿರುಗುತ್ತಾ? ಕಣ್ಣಿಗೆ ಕಣ್ಣು ಕೊಟ್ಟು ನಗುತ್ತಾ? ಆಕಾಶದಲ್ಲಿ ವಿಮಾನ ಕಂಡರೆ "ನೋಡು" ಅನ್ನುವ ಹಾಗೆ ನಿಮಗೆ ತೋರಿಸುತ್ತಾ? ಮೊದಲು ಆಡುತ್ತಿದ್ದ ಪದಗಳನ್ನು ಈಗ ಬಿಟ್ಟಿದೆಯಾ? ಮಾತು, ಬೇರೆಯವರ ಜೊತೆ ಬೆರೆಯುವುದು ಕಷ್ಟವಾಗುವ ಬೆಳವಣಿಗೆಯ ತೊಂದರೆಯಾದ ಆಟಿಸಂ ಗುರುತಿಸಲು 16ರಿಂದ 30 ತಿಂಗಳ ಮಕ್ಕಳಿಗೆ 20 ಪ್ರಶ್ನೆಗಳ ಒಂದು ಪಟ್ಟಿ ಇದೆ. ಅದರಲ್ಲಿ ಬಹುಪಾಲು ಇಂಥ ಪ್ರಶ್ನೆಗಳೇ. ಇವನ್ನು ಒಪಿಡಿಯ ಗದ್ದಲದಲ್ಲಿ ನೋಡಲಾಗುವುದಿಲ್ಲ. ಮನೆಯಲ್ಲಿ ಆಡುವಾಗ ಎರಡು ನಿಮಿಷದ ವಿಡಿಯೋ ಮಾಡಿಕೊಂಡು ಹೋಗಿ. ಹತ್ತು ಮಾತು ಹೇಳುವುದಕ್ಕಿಂತ ಅದು ಜಾಸ್ತಿ ತೋರಿಸುತ್ತದೆ.

"ಅವರಪ್ಪಗೂ ಮಾತು ತಡಾನೇ ಬಂದಿದ್ವು" ಅಂತ ಕಾಯುವುದು ಬೇಡ. ಮಾತು ತಡವಾದರೆ ಮೊದಲು ಆಗಬೇಕಾದ್ದು ಕಿವಿಯ ಪರೀಕ್ಷೆ. ತಟ್ಟೆ ಬಿದ್ದ ಸದ್ದಿಗೆ ತಿರುಗುತ್ತದೆ ಅಂದ ಮಾತ್ರಕ್ಕೆ ಕಿವಿ ಸರಿ ಇದೆ ಅಂತ ಅಲ್ಲ. ಮೆಲ್ಲಗಿನ ಮಾತು ಕೇಳದೆ ಇರಬಹುದು. ನಮ್ಮ ಭಾಗದಲ್ಲಿ ಸೋದರಮಾವನ ಜೊತೆ, ಅತ್ತೆಯ ಮಗನ ಜೊತೆ ಮದುವೆ ಸಾಮಾನ್ಯ. ಹುಟ್ಟಿನಿಂದ ಕಿವಿ ಕೇಳದಿರುವುದು, ಕೆಲವು ರಕ್ತದ ಕಾಯಿಲೆ ಇಂಥ ಮದುವೆಗಳ ಮಕ್ಕಳಲ್ಲಿ ಸ್ವಲ್ಪ ಹೆಚ್ಚು. ಸಂಬಂಧದಲ್ಲಿ ಮದುವೆ ಆಗಿದ್ದರೆ ಡಾಕ್ಟರಿಗೆ ಹೇಳಿ. ಹಾಗೆಯೇ ಫೋನ್ ಎಷ್ಟು ಹೊತ್ತು ನೋಡುತ್ತದೆ ಅನ್ನುವುದನ್ನೂ ನಿಜವಾಗಿ ಹೇಳಿ. ಎರಡು ವರ್ಷದೊಳಗೆ ಫೋನ್ ಬೇಡವೇ ಬೇಡ ಅಂತ ಮಕ್ಕಳ ಡಾಕ್ಟರುಗಳು ಹೇಳುತ್ತಾರೆ.

2013ರಲ್ಲಿ ಶುರುವಾದ, ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ ಆರ್‌ಬಿಎಸ್‌ಕೆಯ ತಂಡಗಳು ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಇದನ್ನೆಲ್ಲ ನೋಡುತ್ತವೆ. ತೊಂದರೆ ಕಂಡರೆ ಮುಂದಿನ ಚಿಕಿತ್ಸೆ ಉಚಿತ. ತಂಡ ಬರುವ ದಿನ ಕೇಳಿಕೊಂಡು ಕೂಸನ್ನು ತಪ್ಪದೆ ಕಳಿಸಿ.

ಆ ದಿನ

ಸಡಿಲವಾದ ಬಟ್ಟೆ ಹಾಕಿ. ತೊಡೆ, ರಟ್ಟೆ ಸುಲಭವಾಗಿ ಸಿಗಬೇಕು. ಹೊರಡುವ ಒಂದು ಗಂಟೆ ಮುಂಚೆ ಹಗುರವಾಗಿ ಉಣಿಸಿ. ನೀರು, ಇಷ್ಟದ ಆಟಿಕೆ ಜೊತೆಗಿರಲಿ. ಕೂಸಿಗೆ ಕೊಡುತ್ತಿರುವ ಔಷಧಿ ಎಲ್ಲವನ್ನೂ ಬಾಟಲಿ ಸಮೇತ ಚೀಲಕ್ಕೆ ಹಾಕಿ. ಗುಟ್ಟಿ, ಬಜೆಯಂಥ ಮನೆಮದ್ದು, ಕಣ್ಣಿಗೆ ಹಚ್ಚುವ ಕಾಡಿಗೆ ಸೇರಿಸಿಯೇ ಹೇಳುತ್ತಿದ್ದೇನೆ. ಕೆಲವು ಕಾಡಿಗೆಯಲ್ಲಿ ಸೀಸ ಇರುತ್ತದೆ, ಅದು ಕೂಸಿಗೆ ವಿಷ.

"ಸುಮ್ಮ ಕುಂದ್ರು, ಇಲ್ಲಂದ್ರ ಸೂಜಿ ಮಾಡಸ್ತೀನಿ" ಅಂತ ವರ್ಷವಿಡೀ ಹೆದರಿಸಿದ ಕೂಸು ಡಾಕ್ಟರನ್ನು ಕಂಡು ಅಳದೆ ಏನು ಮಾಡೀತು? ಆ ಮಾತು ಮನೆಯಿಂದಲೇ ಹೋಗಬೇಕು. "ಸೂಜಿ ಇಲ್ಲ" ಅಂತ ಸುಳ್ಳೂ ಬೇಡ. "ಸ್ವಲ್ಪ ನೋಯುತ್ತದೆ, ನಾನು ಹಿಡಿದುಕೊಂಡಿರುತ್ತೇನೆ" ಅನ್ನಿ. ತೊಡೆಯ ಮೇಲೆ ಕೂರಿಸಿ ಎದೆಗೆ ಒತ್ತಿಕೊಂಡು ಹಿಡಿಯಿರಿ. ಹಾಲು ಕುಡಿಯುವ ಕೂಸಾದರೆ ಸೂಜಿ ಹಾಕುವಾಗಲೇ ಎದೆಗೆ ಹಚ್ಚಿಕೊಳ್ಳಿ, ನೋವು ಕಡಿಮೆಯಾಗುತ್ತದೆ.

ನಿಮ್ಮ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು, ಎಲ್ಲಕ್ಕಿಂತ ಮುಖ್ಯವಾದದ್ದನ್ನು ಮೊದಲು ಕೇಳಿ. ಬಾಗಿಲ ಹತ್ತಿರ ಹೋಗಿ ತಿರುಗಿ ಕೇಳುವ ಪ್ರಶ್ನೆಗೆ ಯಾರಿಗೂ ಸಮಯ ಇರುವುದಿಲ್ಲ.

ಸೂಜಿ ಆದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿ. ಡಿಪಿಟಿ ಆದ ದಿನ, ಮರುದಿನ ಜ್ವರ, ತೊಡೆ ಬಾವು ಬರಬಹುದು. ಜ್ವರದ ಸಿರಪ್ ಎಷ್ಟು ಅಂತ ಎಂಎಲ್ ಲೆಕ್ಕದಲ್ಲೇ ಬರೆಸಿಕೊಳ್ಳಿ, ಯಾಕೆಂದರೆ ಬಾಟಲಿಗಳು ಒಂದೇ ಥರ ಇರುವುದಿಲ್ಲ. 10 ಕೆಜಿಯ ಕೂಸಿಗೆ 150 ಎಂಜಿ ಪ್ಯಾರಾಸಿಟಮಾಲ್ ಅಂತ ಡಾಕ್ಟರ್ ಹೇಳಿದರು ಅನ್ನಿ. 5 ಎಂಎಲ್‌ಗೆ 125 ಎಂಜಿ ಇರುವ ಬಾಟಲಿಯಲ್ಲಿ ಅದು 6 ಎಂಎಲ್. 250 ಎಂಜಿಯ ಬಾಟಲಿಯಲ್ಲಿ 3 ಎಂಎಲ್. ಒಂದು ಎಂಎಲ್‌ಗೆ 100 ಎಂಜಿ ಇರುವ ಹನಿಯಲ್ಲಿ ಬರೀ ಒಂದೂವರೆ. "ಒಂದು ಚಮಚ" ಅಂತ ನೆನಪಿಟ್ಟುಕೊಂಡು ಬೇರೆ ಬಾಟಲಿ ತಂದರೆ ಅಪಾಯ. ಸೂಜಿಗೆ ಮುಂಚೆಯೇ ಸುಮ್ನೆ ಕುಡಿಸುವುದೂ ಬೇಡ.

ಬಾವು ಬಂದ ಕಡೆ ಅರಿಶಿನ, ಸುಣ್ಣ ಹಚ್ಚಬೇಡಿ, ಒದ್ದೆ ಬಟ್ಟೆ ಇಟ್ಟರೆ ಸಾಕು. ದಡಾರ-ರುಬೆಲ್ಲಾ ಲಸಿಕೆಯಿಂದ ಬರುವ ಸಣ್ಣ ಜ್ವರ, ಮೈಮೇಲಿನ ಕೆಂಪು ಗುಳ್ಳೆ ಒಂದು ವಾರ, ಹತ್ತು ದಿನ ಬಿಟ್ಟು ಕಾಣಿಸುತ್ತದೆ. ಅದು ತಾನಾಗಿ ಹೋಗುತ್ತದೆ. ಆದರೆ ಪಿಟ್ಸ್ ಬಂದರೆ, ಉಸಿರಾಟಕ್ಕೆ ಕಷ್ಟವಾದರೆ, ಎಬ್ಬಿಸಿದರೂ ಏಳದಿದ್ದರೆ, ಮೂರು ಗಂಟೆಗೂ ಹೆಚ್ಚು ಹೊತ್ತು ಬಿಡದೆ ಅತ್ತರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ. ಮತ್ತೆ ದವಾಖಾನೆಗೆ ಹೋಗುವಾಗ ಹಾಕಿಸಿದ ಸೂಜಿಯ ಹೆಸರು, ತಾರೀಖು ಇರುವ ಆ ಕಾರ್ಡನ್ನೇ ಮೊದಲು ತೋರಿಸಿ.